ಕಟ್ ನಾನೂರ ಹದಿನೇಳರ ಕನ್ನಡಿ

ಹಿಮದಲ್ಲಿ ನೆನೆದಿದ್ದ ಮುಂಗೂದಲನ್ನು ಅವಳು ಹಣೆಯ ಮೇಲಿಂದ ಹಿಂದಕ್ಕೆ ತಳ್ಳಿದಳು. ಅಷ್ಟೇ ಮಾಡಿದ್ದು. ಎದುರಿಗಿದ್ದವನ ಕೈಯಿಂದ ಕರಪತ್ರಗಳ ಕಟ್ಟು ಜಾರಿ ನೆಲದ ತುಂಬ ಹರಡಿತು.

ಎತ್ತಿಕೊಳ್ಳಲು ಅವನು ಬಗ್ಗಲಿಲ್ಲ. ಅವಳ ಹಣೆಯನ್ನೇ ನೋಡುತ್ತ ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

‘ರಕ್ತ ಹೀರುವವರ ಸಿನಿಮಾಕ್ಕೆ ತಕ್ಕ ಸ್ವಾಗತ...’ ಎಂದುಕೊಂಡಳು ಚಿಗುಸಾ. ಆದರೆ ನಗು ಬರಲಿಲ್ಲ. ತಾವೇ ಚಿತೆಗೆ ಇಟ್ಟು ಬಂದ ವ್ಯಕ್ತಿ ಮತ್ತೆ ಬಾಗಿಲಲ್ಲಿ ನಿಂತಿದ್ದನ್ನು ಕಂಡವರ ನೋಟ ಅದು. ಅವಳು ಬೇಗನೆ ಕೂದಲನ್ನು ಹಣೆಯ ಮೇಲೆ ಎಳೆದುಕೊಂಡಳು.

ನಗರದ ಗಿಂಜಾ ಬಡಾವಣೆಯ ಆ ಪುಟ್ಟ ಚಿತ್ರಮಂದಿರದ ಹಜಾರದಲ್ಲಿ ಅಂದು ಮಧ್ಯಾಹ್ನ ಇಪ್ಪತ್ತೆರಡು ಮಂದಿ ಪತ್ರಕರ್ತರು ಸೇರಿದ್ದರು. ‘ಬಿಳಿ ಬೇಟೆ’ ಎಂಬ, ಕೈಯಲ್ಲಿ ಬರೆದ ಚಿತ್ರಗಳ ಅನಿಮೆ ಸಿನಿಮಾದ ಬಿಡುಗಡೆಗೆ ಇನ್ನೂ ಆರು ವಾರವಿತ್ತು. ಪತ್ರಿಕೆಯವರಿಗೆ ಮೊದಲೇ ತೋರಿಸುವುದು ರೂಢಿ. ಚಿಗುಸಾ ಒಂದು ದಿನಪತ್ರಿಕೆಯ ಸಂಜೆ ಆವೃತ್ತಿಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದಳು. ವಿಮರ್ಶೆಯ ಕೊನೆಯಲ್ಲಿ ಅವಳ ಪೂರ್ತಿ ಹೆಸರು ಇರುತ್ತಿರಲಿಲ್ಲ. ‘ಚಿ’ ಎಂಬ ಒಂದೇ ಅಕ್ಷರ.

ಅವಳು ಪದ್ಧತಿಯಂತೆ ಎರಡೂ ಕೈಯಲ್ಲಿ ಹೆಸರಿನ ಚೀಟಿ ನೀಡಿದಳು. ಅವನು ಓದಿದ. ಮುಕೈ ಚಿಗುಸಾ. ಮನೆತನದ ಹೆಸರಿನ ಮೇಲೆ ಅವನ ಕಣ್ಣು ನಿಂತಿತು.

"ಮುಕೈ... ಶಿಹೊ-ಸಾನ್‌ಗೆ ನೀವು..."

"ತಂಗಿ." ದನಿ ತಗ್ಗಿಸಿದಳು. "ದಯವಿಟ್ಟು ಇಲ್ಲಿ ಯಾರಿಗೂ ಹೇಳಬೇಡಿ. ನಾನು ವಿಮರ್ಶೆ ಬರೆಯೋಕೆ ಬಂದಿರೋದು."

ಮನೆಯವರು ಕೆಲಸ ಮಾಡಿದ ಸಿನಿಮಾದ ವಿಮರ್ಶೆ ಬರೆಯಬಾರದು ಎಂಬುದು ಅವಳ ಪತ್ರಿಕೆಯ ನಿಯಮ. ಸತ್ತವರೂ ಮನೆಯವರ ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಎಂದು ಅದರಲ್ಲಿ ಬರೆದಿರಲಿಲ್ಲ. ಅವಳು ಯಾರನ್ನೂ ಕೇಳಿರಲೂ ಇಲ್ಲ.

ಅವನು ತಲೆಯಾಡಿಸಿ ಹೆಸರು ಹೇಳಿದ. ಹಯಾಸೆ. ಸಿನಿಮಾದ ದ್ವಿತೀಯಾರ್ಧದ ಚಿತ್ರಗಳನ್ನು ತಿದ್ದಿ ಒಪ್ಪಿಗೆ ಕೊಟ್ಟವನು ತಾನೇ ಎಂದ. ವಯಸ್ಸು ಮೂವತ್ತಮೂರಿರಬಹುದು. ಬಲಗೈಯ ಕಿರುಬೆರಳ ಪಕ್ಕ ಪೆನ್ಸಿಲ್ ಸೀಸದ ಕಪ್ಪು ಹೊಳೆಯುತ್ತಿತ್ತು.

ಅಕ್ಕನ ಕೈಯೂ ಹಾಗೆಯೇ ಇತ್ತು. ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ...

ದೀಪಗಳು ಆರಿದವು.

ಸಿನಿಮಾ ಚೆನ್ನಾಗಿತ್ತು. ಉತ್ತರದ ಹಿಮನಾಡಿನಲ್ಲಿ ಒಬ್ಬ ಬೇಟೆಗಾತಿ ಊರಿಂದೂರಿಗೆ ನಡೆಯುತ್ತ ರಕ್ತ ಹೀರುವ ಪಿಶಾಚಿಗಳನ್ನು ಹುಡುಕಿ ಕೊಲ್ಲುವ ಕಥೆ. ಮೊದಲ ಹತ್ತು ನಿಮಿಷದಲ್ಲೇ ಒಂದು ನಿಯಮ ಹೇಳಿಬಿಡುತ್ತಾರೆ: ಪಿಶಾಚಿಗೆ ಕನ್ನಡಿಯಲ್ಲಿ ಪ್ರತಿಬಿಂಬವಿಲ್ಲ. ಬೇಟೆಗಾತಿ ಅದನ್ನೇ ನಂಬಿ, ಒಂದು ಪುಟ್ಟ ಕನ್ನಡಿ ಹಿಡಿದು ಇಡೀ ನಾಡು ತಿರುಗುತ್ತಾಳೆ.

ಒಂದು ಗಂಟೆ ಮೂರನೆಯ ನಿಮಿಷ. ಹಾಳುಬಿದ್ದ ಒಂದು ಛತ್ರ. ಕನ್ನಡಿಯ ಮುಂದೆ ಕೂತು ಒಬ್ಬ ಪಿಶಾಚಿ ತಲೆ ಬಾಚುತ್ತಿದ್ದಾಳೆ. ಕನ್ನಡಿ ಖಾಲಿ. ಬೇಟೆಗಾತಿಯ ಹೆಜ್ಜೆ ಸಪ್ಪಳ ಕೇಳಿ ಅವಳು ಬಾಗಿಲಿನತ್ತ ತಿರುಗುತ್ತಾಳೆ...

ಆಗ, ಖಾಲಿ ಇರಬೇಕಾದ ಕನ್ನಡಿಯಲ್ಲಿ, ಒಂದು ಹೆಣ್ಣಿನ ಮುಖ.

ಅದು ತಿರುಗಲಿಲ್ಲ. ತಗ್ಗಿದ್ದ ಕಣ್ಣನ್ನು ಮೆಲ್ಲಗೆ ಎತ್ತಿ ಪ್ರೇಕ್ಷಕರತ್ತ ನೋಡಿತು. ಒಂದೂವರೆ ಸೆಕೆಂಡು. ಅಷ್ಟರಲ್ಲಿ ದೃಶ್ಯ ಬದಲಾಯಿತು.

ನೋಟ್‌ಬುಕ್ಕಿನ ಮೇಲಿದ್ದ ಚಿಗುಸಾಳ ಪೆನ್ನು ನಿಂತಿತು.

ಅಕ್ಕ...

ಹೊರಗೆ ಬಂದಾಗ ಹಯಾಸೆ ಕಂಬದ ಪಕ್ಕ ನಿಂತಿದ್ದ. ಕನ್ನಡಿಯ ಆ ದೃಶ್ಯ ಬರೆದವರು ಯಾರು ಎಂದು ಅವಳು ನೇರವಾಗಿ ಕೇಳಿದಳು. ಅವನು, "ಕಟ್ ನಾನೂರ ಹದಿನೇಳು. ಅದಕ್ಕೆ ಸಹಿ ಹಾಕಿದ್ದು ನಾನು," ಎಂದ.

ಕೇಳಿದ್ದಕ್ಕೆ ಉತ್ತರ ಅದಲ್ಲ. ಪತ್ರಕರ್ತೆಯಾಗಿ ಅದನ್ನು ಅವಳು ಗಮನಿಸಬೇಕಿತ್ತು. ತಂಗಿಯಾಗಿ ಗಮನಿಸಲಿಲ್ಲ.

*

ಶಿಹೊ ಹನ್ನೊಂದು ವರ್ಷ ‘ಬಿಳಿ ಬೇಟೆ’ ತಯಾರಿಸಿದ ಸ್ಟುಡಿಯೋದಲ್ಲಿ ಚಿತ್ರ ಬರೆದಳು. ತಂಗಿಯನ್ನು ‘ಚೀ’ ಎಂದು ಕರೆಯುತ್ತಿದ್ದಳು. ಪ್ರತಿ ಭಾನುವಾರ ಸಂಜೆ ಏಳಕ್ಕೆ ಫೋನ್ ಮಾಡುತ್ತಿದ್ದಳು.

ಅವಳು ಸಾಯುವ ಹಿಂದಿನ ವರ್ಷ ಒಂದು ಟಿ.ವಿ. ಚಿತ್ರದ ಬಗ್ಗೆ ಚಿಗುಸಾ ಬರೆದಳು: ‘ಕೊನೆಯ ಭಾಗದಲ್ಲಿ ಓಡುವವರ ಕಾಲಿಗೆ ಜೀವವಿಲ್ಲ.’ ಆ ಕಾಲುಗಳು ಅಕ್ಕ ಬರೆದವು ಎಂದು ಅವಳಿಗೆ ಗೊತ್ತಿರಲಿಲ್ಲ. ಭಾನುವಾರ ಫೋನಿನಲ್ಲಿ ಶಿಹೊ, ನೀನು ಬರೆದದ್ದು ಸರಿ, ಆದರೆ ಆ ಇಡೀ ಓಟಕ್ಕೆ ನನಗೆ ಸಿಕ್ಕಿದ್ದು ಮೂರೇ ದಿನ ಎಂದಳು. ಚಿಗುಸಾಳ ಬಾಯಿಂದ ಬಂದ ಉತ್ತರ ಇಂದಿಗೂ ಅವಳ ಕಿವಿಯಲ್ಲಿತ್ತು.

"ನೋಡೋರಿಗೆ ನಿನ್ನ ದಿನಗಳು ಕಾಣಲ್ಲ ಅಕ್ಕ. ಚಿತ್ರ ಮಾತ್ರ ಕಾಣುತ್ತೆ."

ಆ ಕಡೆ ಫೋನ್ ಇಟ್ಟ ಸದ್ದು.

ಮುಂದಿನ ಹದಿನಾಲ್ಕು ತಿಂಗಳಲ್ಲಿ ಎರಡೇ ಸಲ, ಭಾನುವಾರ ಏಳಕ್ಕೆ, ಫೋನ್ ಒಮ್ಮೆ ಗಂಟೆ ಹೊಡೆದು ನಿಂತಿತ್ತು. ಚಿಗುಸಾ ತಿರುಗಿ ಮಾಡಲಿಲ್ಲ. ಅಕ್ಟೋಬರಿನ ಒಂದು ಬೆಳಿಗ್ಗೆ ಶಿಹೊ ಬಾಡಿಗೆ ಕೋಣೆಯ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಕುಸಿದಳು. ಮೆದುಳಿನ ರಕ್ತನಾಳ ಒಡೆದಿತ್ತು. ವಯಸ್ಸು ಮೂವತ್ತೊಂದು.

ಅಂದಿನಿಂದ ಭಾನುವಾರ ಏಳಕ್ಕೆ ಚಿಗುಸಾ ಫೋನಿನ ಪಕ್ಕ ಕೂರುತ್ತಾಳೆ. ಯಾಕೆ ಎಂದು ತನ್ನನ್ನು ತಾನು ಕೇಳಿಕೊಂಡಿಲ್ಲ.

*

ಶಿಹೊಳ ವಸ್ತುಗಳು ಅವಳ ಮೇಜಿನಲ್ಲೇ ಉಳಿದಿವೆ, ತಂದುಕೊಡುತ್ತೇನೆ ಎಂದು ಹಯಾಸೆ ಫೋನ್ ಮಾಡಿದ. ಬುಧವಾರ ಮಧ್ಯಾಹ್ನ, ಒಗಿಕುಬೊ ರೈಲು ನಿಲ್ದಾಣದ ಹತ್ತಿರದ ಕಾಫಿ ಅಂಗಡಿ.

ಮೊದಲ ಬುಧವಾರ ಒಂದು ತಗಡಿನ ಡಬ್ಬಿ ತಂದ. ಅದರ ತುಂಬ ಪೆನ್ಸಿಲ್ ತುಂಡುಗಳು. ಹೆಬ್ಬೆರಳ ಉಗುರಿಗಿಂತ ಚಿಕ್ಕವು. ಒಂದನ್ನೂ ಅವಳು ಎಸೆದಿರಲಿಲ್ಲ. ಇನ್ನೂ ಇವೆ, ಒಂದೇ ಸಲ ಹೊರಲಾಗಲಿಲ್ಲ ಎಂದ.

ಎರಡನೆಯ ಬುಧವಾರ ಬರಿಗೈಯಲ್ಲಿ ಬಂದ. ಮರೆತೆ ಎಂದ. ಕಿವಿ ಕೆಂಪಾಗಿತ್ತು.

ಅವನು ಮರೆತದ್ದು ಚಿಗುಸಾಗೆ ಸಂತೋಷವಾಗಿತ್ತು. ಆ ಸಂತೋಷ ಕಂಡು ಅವಳಿಗೇ ಹೆದರಿಕೆಯಾಯಿತು.

ಅವರು ಮಾತಾಡುತ್ತಿದ್ದುದು ಹೆಚ್ಚಾಗಿ ಸಿನಿಮಾದ ಬಗ್ಗೆಯೇ. ಅದರ ಬಲ ಯಾವುದು, ದೌರ್ಬಲ್ಯ ಯಾವುದು ಎಂದು ಅವಳು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿದ್ದಳು. ಹಿಮದ ಮೇಲಿನ ಹೆಜ್ಜೆಯ ತೂಕ ಬಲದ ಸಾಲಿನಲ್ಲಿತ್ತು. ಬೇಟೆಗಾತಿ ದಣಿದಂತೆಲ್ಲ ಹೆಜ್ಜೆ ಆಳವಾಗುತ್ತ ಹೋಗುತ್ತದೆ. ಅದನ್ನು ಬರೆಯಲು ತಾನು ಹಿಂದಿನ ವರ್ಷದ ಜನವರಿಯಲ್ಲಿ ಬೆನ್ನಿಗೆ ಅಕ್ಕಿಮೂಟೆ ಕಟ್ಟಿಕೊಂಡು ನಡೆದಿದ್ದೆ ಎಂದು ಹಯಾಸೆ ಒಪ್ಪಿಕೊಂಡ. ದೌರ್ಬಲ್ಯದ ಸಾಲಿನಲ್ಲಿ ಮೊದಲನೆಯದು ಪಿಶಾಚಿಗಳ ದೊರೆ. ಸಾಯುವ ಮೊದಲು ಏಳು ನಿಮಿಷ ಮಾತಾಡುತ್ತಾನೆ.

"ಮುನ್ನೂರು ವರ್ಷ ಒಬ್ಬನೇ ಇದ್ದವನು," ಎಂದ ಹಯಾಸೆ. "ಕೇಳೋರು ಸಿಕ್ಕಾಗ ಬಿಡ್ತಾನಾ?"

ನಾಲ್ಕು ತಿಂಗಳಲ್ಲಿ ಮೊದಲ ಸಲ ಚಿಗುಸಾ ಗಟ್ಟಿಯಾಗಿ ನಕ್ಕಳು.

ಅಂಗಡಿಯ ಅಜ್ಜಿ ಬೆಣ್ಣೆ ಸವರಿದ ದಪ್ಪ ಟೋಸ್ಟಿನ ತಟ್ಟೆ ಇಡುತ್ತ ಇಬ್ಬರನ್ನೂ ನೋಡಿದಳು. "ದೆವ್ವ ಪಿಶಾಚಿ ಅಂತ ಮಾತಾಡ್ಕೊಂಡು ಪ್ರೇಮ ಮಾಡೋರನ್ನ ಇದೇ ಮೊದಲು ನೋಡ್ತಿರೋದು. ಟೋಸ್ಟು ತಣ್ಣಗಾಗುತ್ತೆ, ತಿನ್ನಿ."

ಇಬ್ಬರೂ ತಟ್ಟೆ ನೋಡುತ್ತ ಕೂತರು.

ಮೂರನೆಯ ಸಲ ಅವನು ಬೂದುಬಣ್ಣದ ಉಣ್ಣೆ ಅಂಗಿ ತಂದ. ನಾಲ್ಕು ತಿಂಗಳಿಂದ ಅದು ಶಿಹೊಳ ಕುರ್ಚಿಯ ಬೆನ್ನಿನ ಮೇಲೆಯೇ ಇತ್ತಂತೆ. ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ. ಕೆಲವರು ಆ ಕುರ್ಚಿ ದಾಟುವಾಗ ಈಗಲೂ "ಹೋಗಿಬರ್ತೀನಿ" ಎನ್ನುತ್ತಾರಂತೆ. ಅಂಗಿಯ ಮಡಿಕೆ ಅಂಚಿಗೆ ಅಂಚು ಕೂಡುವಷ್ಟು ನೇರವಾಗಿತ್ತು. ಅದನ್ನು ಮಡಿಸಿದವನ ಕೈಯನ್ನೇ ಚಿಗುಸಾ ನೋಡಿದಳು.

‘ಇಷ್ಟು ಜೋಪಾನವಾಗಿ ಯಾರು ಯಾರ ಬಟ್ಟೆ ಮಡಿಸುತ್ತಾರೆ?’

ಮತ್ತೆ ತಲೆಯೆತ್ತಿದಾಗ ಅವನ ಕಣ್ಣು ಅವಳ ಹಣೆಯ ಮೇಲಿತ್ತು. ಯಾವಾಗಲೂ ಹಾಗೆಯೇ. ಅವಳ ಮುಖದಲ್ಲಿ ಏನನ್ನೋ ಹುಡುಕುವವನಂತೆ.

ಅಕ್ಕ ತಂಗಿ ಒಂದೇ ಅಚ್ಚು ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು.

ನಾಲ್ಕನೆಯ ಸಲ ಬಂದದ್ದು ಒಂದು ಸ್ಟಾಪ್‌ವಾಚ್. ಕೈ ಎತ್ತಲು, ತಲೆ ತಿರುಗಿಸಲು ಎಷ್ಟು ಹೊತ್ತು ಬೇಕು ಎಂದು ಚಿತ್ರಕಾರರು ಮೊದಲು ತಾವೇ ಮಾಡಿ ಅಳೆದು ನೋಡುತ್ತಾರೆ. ಮುಳ್ಳು ಒಂದೂವರೆ ಸೆಕೆಂಡಿಗೆ ನಿಂತಿತ್ತು.

ಆ ಮುಖ ಪರದೆಯ ಮೇಲೆ ಇದ್ದದ್ದೂ ಅಷ್ಟೇ ಹೊತ್ತು.

"ಹಯಾಸೆ-ಸಾನ್... ಆ ಕನ್ನಡಿಯೊಳಗಿನ ಮುಖ ಯಾರದ್ದು?"

ಅವನು ಕಾಫಿ ಬಟ್ಟಲನ್ನು ತಿರುಗಿಸಿದ. ಒಂದು ಸುತ್ತು. ಎರಡು ಸುತ್ತು.

"ನೀವು ವಿಮರ್ಶೆ ಬರೆದು ಮುಗಿಸೋವರೆಗೂ ಹೇಳೋಕಾಗಲ್ಲ."

"ನಿಮಗೆ ಅವಳು ಇಷ್ಟ ಇದ್ಲಾ?"

ಅವನು ಹೇಳಿದ್ದು ಒಂದೇ ಮಾತು.

"ಆ ಮುಖ ನಾಲ್ಕು ತಿಂಗಳಿಂದ ನನ್ನನ್ನ ಬಿಟ್ಟಿಲ್ಲ."

ಅವಳಿಗೆ ಅಷ್ಟು ಸಾಕಾಯಿತು. ಸ್ಟಾಪ್‌ವಾಚನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ನಿಲ್ದಾಣದ ಮೆಟ್ಟಿಲು ಹತ್ತುವಾಗ ಕಣ್ಣು ಮಂಜಾಗಿತ್ತು. ಸತ್ತ ಅಕ್ಕನ ಮೇಲೆ ಹೊಟ್ಟೆಕಿಚ್ಚು... ಇದಕ್ಕಿಂತ ಕೀಳಾದದ್ದು ಇನ್ನೇನಿದೆ?

‘ಇವನಿಗೆ ನಾನು ಕನ್ನಡಿ. ಅದರಲ್ಲಿ ಅವನಿಗೆ ಕಾಣುವವಳು ಅವಳು.’

*

ಬಿಡುಗಡೆಯ ದಿನ, ಶುಕ್ರವಾರದ ಸಂಜೆ ಆವೃತ್ತಿಯಲ್ಲಿ ವಿಮರ್ಶೆ ಬಂತು.

ಹಿಮದ ಬಣ್ಣ, ಹೆಜ್ಜೆಯ ತೂಕ, ಮಾತಿಲ್ಲದ ಮೊದಲ ಹದಿಮೂರು ನಿಮಿಷ ಈ ಚಿತ್ರದ ಬಲ ಎಂದು ಅವಳು ಬರೆದಿದ್ದಳು. ನಡುಭಾಗದಲ್ಲಿ ಕಥೆ ಒಂದೇ ಜಾಗದಲ್ಲಿ ಸುತ್ತುತ್ತದೆ, ದೊರೆ ಸಾಯಲು ಒಪ್ಪುವುದಿಲ್ಲ, ಮಾತು ನಿಲ್ಲಿಸಲೂ ಒಪ್ಪುವುದಿಲ್ಲ. ಇದು ದೌರ್ಬಲ್ಯ. ಕೊನೆಯ ಪ್ಯಾರಾ ಹೀಗಿತ್ತು:

‘ಎಲ್ಲಕ್ಕಿಂತ ದೊಡ್ಡ ಕುಂದು ಛತ್ರದ ದೃಶ್ಯದಲ್ಲಿದೆ. ಪಿಶಾಚಿಗೆ ಪ್ರತಿಬಿಂಬವಿಲ್ಲ ಎಂಬ ನಿಯಮದ ಮೇಲೆ ಕಟ್ಟಿದ ಸಿನಿಮಾ, ಅಲ್ಲಿ ಒಂದೂವರೆ ಸೆಕೆಂಡು ತನ್ನ ನಿಯಮವನ್ನೇ ಮರೆಯುತ್ತದೆ. ಇದು ಅಸಡ್ಡೆಯ ತಪ್ಪು. (ಚಿ)’

ಅಸಡ್ಡೆ. ಆ ಒಂದು ಪದವನ್ನು ಬರೆಯುವಾಗ ಅವಳು ಹೊಡೆದುಹಾಕಿ, ಮತ್ತೆ ಬರೆದಿದ್ದಳು. ಆ ಮುಖ ಅಸಡ್ಡೆಯಿಂದ ಬಂದದ್ದಲ್ಲ ಎಂದು ಅವಳಿಗೆ ಗೊತ್ತಿತ್ತು.

ಮುಂದಿನ ಬುಧವಾರ ಹಯಾಸೆ ಬರಲಿಲ್ಲ.

ಮುಕ್ಕಾಲು ಗಂಟೆ ಕಾದ ಮೇಲೆ ಅಜ್ಜಿ ಬಂದು ಎದುರಿಗೆ ಕೂತಳು. ಅವನು ಇವತ್ತು ಬರುವುದಿಲ್ಲ, ಸ್ಟುಡಿಯೋದವರು ಬೆಳಿಗ್ಗೆ ಕಾಫಿಗೆ ಬಂದಾಗ ಮಾತಾಡುತ್ತಿದ್ದರು ಎಂದಳು. ಪೇಪರಿನಲ್ಲಿ ಬಂದ ತಪ್ಪನ್ನು ವಿಡಿಯೋ ಕ್ಯಾಸೆಟ್ ಬರುವ ಮುಂಚೆ ತಿದ್ದಬೇಕಂತೆ. ಕನ್ನಡಿಯೊಳಗಿನ ಮುಖ ತೆಗೆಯುತ್ತಾರಂತೆ.

"ಪಾಪ, ಆ ಹುಡುಗಿ ಬರೆದ ಕೊನೆಯ ಚಿತ್ರ ಅಂತೆ ಅದು. ಕಿಟಕಿ ಪಕ್ಕ ಕೂತ್ಕೊಳ್ತಿದ್ಲಲ್ಲ, ಶಿಹೊ-ಚಾನ್. ನಿನ್ನ ಥರಾನೇ ಟೋಸ್ಟಿನ ಅಂಚು ಬಿಟ್ಟು ತಿನ್ನೋಳು."

ಚಿಗುಸಾ ಕೋಟಿನ ಗುಂಡಿ ಹಾಕಿಕೊಳ್ಳದೆ ಬಸ್ಸಿಗೆ ಓಡಿದಳು.

*

ಸ್ಟುಡಿಯೋ ಒಂದು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಸಾಲುಸಾಲು ಮೇಜು, ಬಗ್ಗಿದ ಬೆನ್ನುಗಳು, ಪೆನ್ಸಿಲ್ ಗೀರುವ ಸದ್ದು. ಪ್ರತಿ ಮೇಜಿನ ಮೇಲೂ ಒಂದೊಂದು ಚಿಕ್ಕ ಕನ್ನಡಿ. ಮುಖಭಾವ ಬರೆಯುವ ಮುನ್ನ ಚಿತ್ರಕಾರರು ಅದರಲ್ಲಿ ತಾವೇ ನಕ್ಕು, ಅತ್ತು ನೋಡಿಕೊಳ್ಳುತ್ತಾರೆ. ಕಿಟಕಿಯ ಬಳಿ ಒಂದು ಖಾಲಿ ಮೇಜು. ಅದರ ಕನ್ನಡಿಯಲ್ಲಿ ಬಿಳಿಯ ಆಕಾಶ ಮಾತ್ರ ಇತ್ತು.

ಅದು ಅಕ್ಕನ ಮೇಜೆಂದು ಗೊತ್ತಾಗಿ ಅವಳು ಬೇಗ ದಾಟಿಹೋದಳು.

ಒಳಕೋಣೆಯಲ್ಲಿ ಹಯಾಸೆ ಗಾಜಿನ ಮೇಜಿನ ಮುಂದೆ ನಿಂತಿದ್ದ. ಕೆಳಗಿನಿಂದ ಬೆಳಕು. ಗಾಜಿನ ಮೇಲೆ ಸೆಲ್ ಎಂಬ ಪಾರದರ್ಶಕ ಹಾಳೆಗಳು ಒಂದರ ಮೇಲೊಂದು. ಕೋಣೆ ಒಂದು, ಪಿಶಾಚಿ ಒಂದು, ಕನ್ನಡಿಯೊಳಗಿನ ಮುಖ ಇನ್ನೊಂದು. ಮುಖದ ಹಾಳೆಗಳನ್ನು ತೆಗೆದು ಉಳಿದವನ್ನು ಮತ್ತೆ ಕ್ಯಾಮೆರಾದಲ್ಲಿ ಹಿಡಿದರೆ ತಿದ್ದುವ ಕೆಲಸ ಮುಗಿಯಿತು. ತೆಗೆದ ಹಾಳೆಗಳು ಕಸದ ಲಾರಿಗೆ. ಎಲ್ಲ ಸಿನಿಮಾದಲ್ಲೂ ಹಾಗೆಯೇ.

ಪಕ್ಕದಲ್ಲಿ ನಿರ್ದೇಶಕ ದೊಮೊನ್ ಕೈಕಟ್ಟಿ ನಿಂತಿದ್ದರು. ಅರವತ್ತರ ಗಿಡ್ಡ ಮನುಷ್ಯ. ಬಾಗಿಲಲ್ಲಿ ಅವಳನ್ನು ಕಂಡು ಅವರೂ ಒಂದು ಹೆಜ್ಜೆ ಹಿಂದೆ ಸರಿದರು.

ಅವಳು ತಲೆಬಾಗಿ, ತಾನು ಯಾರೆಂದು ಹೇಳಿದಳು. ‘ಚಿ’ ಎಂಬುದು ತಾನೇ ಎಂಬುದನ್ನೂ ಸೇರಿಸಿ.

"ಇದನ್ನ ಬರೆದದ್ದು ನೀವು ಅಂದಿದ್ರಿ," ಎಂದಳು ಹಯಾಸೆಯ ಕಡೆ ತಿರುಗಿ.

"ಸಹಿ ನನ್ನದು ಅಂದಿದ್ದೆ."

ದೊಮೊನ್ ಉಸಿರುಬಿಟ್ಟರು. "ನನಗೂ ಹಾಗೇ ಹೇಳಿದ್ದ. ಬಿಡುಗಡೆಗೆ ಹನ್ನೊಂದು ವಾರ ಇದ್ದಾಗ ಪರದೆ ಮೇಲೆ ನೋಡಿ ಇದೇನಿದು ಅಂದೆ. ನನ್ನ ತಪ್ಪು, ಬೈಯೋದಾದರೆ ನನಗೇ ಬೈಯಿರಿ ಅಂದ. ಸತ್ತವಳ ಮೇಲೆ ತಪ್ಪು ಹೊರಿಸೋಕೆ ಇವನಿಗೆ ಇಷ್ಟ ಇರಲಿಲ್ಲ. ಆಗ ಇನ್ನೂ ನೂರಾರು ಕಟ್ ಬಾಕಿ ಇತ್ತು, ಇದನ್ನ ಮತ್ತೆ ಚಿತ್ರೀಕರಿಸೋಕೆ ಸಮಯ ಇರಲಿಲ್ಲ, ಬಿಟ್ಟೆ. ಈಗ ಪೇಪರ್ ಹೇಳಿದೆ. ನೋಡೋರೆಲ್ಲ ಇನ್ನು ಅದೇ ತಪ್ಪು ಹುಡುಕ್ತಾರೆ. ಹೇಗೆ ಬಿಡಲಿ ಹೇಳಿ."

ಹಯಾಸೆ ಒಂದು ದೊಡ್ಡ ಕಂದು ಲಕೋಟೆಯನ್ನು ಅವಳ ಕೈಗಿಟ್ಟ.

ಪ್ರತಿ ಕಟ್‌ಗೂ, ಅಂದರೆ ಒಂದೊಂದು ದೃಶ್ಯದ ತುಣುಕಿಗೂ, ಅಂಥ ಒಂದು ಲಕೋಟೆ ಇರುತ್ತದೆ. ಬರೆದವರಿಂದ ತಿದ್ದುವವರಿಗೆ, ತಿದ್ದುವವರಿಂದ ಬಣ್ಣ ಹಾಕುವವರಿಗೆ ಕೈಯಿಂದ ಕೈಗೆ ಹೋಗುತ್ತದೆ. ಮುಟ್ಟಿದವರೆಲ್ಲ ಮೇಲ್ಗಡೆ ಹೆಸರು, ತಾರೀಕು ಬರೆಯುತ್ತಾರೆ. ಮುಂದಿನವರಿಗೆ ಏನಾದರೂ ಹೇಳುವುದಿದ್ದರೆ ಅದಕ್ಕೊಂದು ಜಾಗ.

ಚಿತ್ರ: ಮುಕೈ ಶಿಹೊ. ಅಕ್ಟೋಬರ್ ಒಂಬತ್ತು. ಸಾಯುವ ಎರಡು ದಿನ ಮೊದಲು.

ಅದರ ಕೆಳಗೆ, ಅವಸರದ ಪರಿಚಿತ ಅಕ್ಷರ:

‘ಕನ್ನಡಿಯೊಳಗಿನ ಮುಖ ತಪ್ಪು ಎಂದು ಗೊತ್ತು. ದಯವಿಟ್ಟು ತೆಗೆಯಬೇಡಿ. ಇದನ್ನು ಹಿಡಿಯುವವಳು ಒಬ್ಬಳಿದ್ದಾಳೆ. ಹಿಡಿದ ಕೂಡಲೇ ಜಗಳಕ್ಕೆ ಫೋನ್ ಮಾಡುತ್ತಾಳೆ. ಅವಳು ಹಿಡಿಯುವವರೆಗೆ ಯಾರೂ ಹೇಳಿಕೊಡಬೇಡಿ.’

ಚಿಗುಸಾ ಓದಿದಳು. ಮತ್ತೆ ಓದಿದಳು. ಅಕ್ಷರಗಳು ಅಲುಗತೊಡಗಿದವು.

"ನಾನು ಮಾಡಲಿಲ್ಲ... ಒಂದು ಫೋನ್ ಮಾಡಲಿಲ್ಲ ನಾನು..."

"ಮಾಡಿದಿರಿ." ಹಯಾಸೆಯ ದನಿ ಮೆಲ್ಲಗಿತ್ತು. "ಶುಕ್ರವಾರ ಸಂಜೆ ಪೇಪರಿನಲ್ಲಿ ಆ ಕೊನೆಯ ಪ್ಯಾರಾ ಓದಿದಾಗ ನನಗೆ ಅನ್ನಿಸಿದ್ದು ಅದೇ. ಶಿಹೊ-ಸಾನ್‌ಗೆ ಫೋನ್ ಬಂತು ಅಂತ."

ಅವಳು ಗಾಜಿನ ಮೇಜು ಹಿಡಿದುಕೊಂಡು ನಿಂತಳು. ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಮುಖ ಆಚೆ ಮಾಡಿದಳು. ಆಮೇಲೆ, ಮೊದಲ ಸಲ, ಆ ಮುಖವನ್ನು ಹತ್ತಿರದಿಂದ ನೋಡಿದಳು.

ಪರದೆಯ ಮೇಲೆ ಅದು ಮಸುಕಾಗಿತ್ತು. ಇಲ್ಲಿ ಒಂದೊಂದು ಗೆರೆಯೂ ಸ್ಪಷ್ಟ. ಅಕ್ಕನ ಮೂಗು, ಅಕ್ಕನ ಗಲ್ಲ. ಕಣ್ಣಿನ ಮೇಲೆ ಹುಬ್ಬಿನ ಗೆರೆ... ನಡುವೆ ಕಡಿದಿತ್ತು.

ಕೈ ತಾನಾಗಿಯೇ ಮುಂಗೂದಲ ಕೆಳಗೆ ಹೋಯಿತು.

ಅವಳು ಆರು ವರ್ಷದವಳಿದ್ದಾಗ, ಹುಟ್ಟೂರು ಯೊಕೊತೆಯ ಹಿಮದಲ್ಲಿ, ಅಕ್ಕ ಎಳೆಯುತ್ತಿದ್ದ ಜಾರುಬಂಡಿ ಕೊಟ್ಟಿಗೆಯ ಮೂಲೆಗೆ ಬಡಿದಿತ್ತು. ಹುಬ್ಬು ಸೀಳಿತು. ಅಲ್ಲಿ ಮತ್ತೆ ಕೂದಲು ಬರಲಿಲ್ಲ. ಅಂದಿನಿಂದ ಚಿಗುಸಾ ಹಣೆಯನ್ನು ಯಾರಿಗೂ ತೋರಿಸಿಲ್ಲ. ಅಕ್ಕ ಮಾತ್ರ ಆಗಾಗ ಮುಂಗೂದಲು ಸರಿಸಿ, ಹೆಬ್ಬೆರಳಿನಿಂದ ಅದನ್ನು ಸವರಿ, "ನನ್ನ ತಪ್ಪು," ಎನ್ನುತ್ತಿದ್ದಳು.

ಕನ್ನಡಿಯಲ್ಲಿ ಇದ್ದದ್ದು ಅಕ್ಕನಲ್ಲ.

"ಇದು ನಾನು..."

"ಹನ್ನೆರಡು ಚಿತ್ರ," ಎಂದ ಹಯಾಸೆ. "ಮೂರು ಶಿಹೊ-ಸಾನ್ ಬರೆದದ್ದು. ನಡುವಿನ ಒಂಬತ್ತು ಬಾಕಿ ಇತ್ತು. ಯಾರಿಗೂ ಕೊಡೋಕೆ ಮನಸ್ಸಾಗಲಿಲ್ಲ, ನಾನೇ ಬರೆದೆ. ಹುಬ್ಬಿನ ಹತ್ರ ಗೆರೆ ತಪ್ಪಿದೆ ಅಂತ ಮೊದಲು ತಿದ್ದೋಕೆ ಹೋದೆ. ಮೂರರಲ್ಲೂ ಅದೇ ಜಾಗದಲ್ಲಿ ಕಡಿದಿತ್ತು. ಹಾಗಾದ್ರೆ ಇದು ತಪ್ಪಲ್ಲ, ಯಾರೋ ಒಬ್ಬರು ಅಂತ ಗೊತ್ತಾಯ್ತು. ಎಲ್ಲೋ ಇದ್ದಾರೆ ಅಂತ."

ಅವನು ಮೊದಲ ಸಲ ಹಣೆ ಬಿಟ್ಟು ಅವಳ ಕಣ್ಣು ನೋಡಿದ.

"ಒಂಬತ್ತು ಸಲ ನಿಮ್ಮ ಹುಬ್ಬು ಬರೆದಿದ್ದೀನಿ. ಗಿಂಜಾದಲ್ಲಿ ನೀವು ಕೂದಲು ಹಿಂದಕ್ಕೆ ತಳ್ಳಿದ್ರಲ್ಲ..."

ಅವಳಿಗೆ ನೆಲದ ತುಂಬ ಹರಡಿದ ಕರಪತ್ರಗಳು ನೆನಪಾದವು. ಆ ಬಿಳಿಚಿದ ಮುಖ. ನಾಲ್ಕು ತಿಂಗಳಿಂದ ಬಿಡದೆ ಕಾಡಿದ ಮುಖ...

ದೊಮೊನ್ ಕೆಮ್ಮಿದರು. "ವಿಮರ್ಶಕರೇ, ಒಂದು ಕೇಳ್ತೀನಿ. ಈಗ ಹೇಳಿ. ಇದು ಬಲವೋ ದೌರ್ಬಲ್ಯವೋ?"

ಚಿಗುಸಾ ಕಣ್ಣೊರೆಸಿಕೊಂಡಳು. ಸುಳ್ಳು ಹೇಳಿದರೆ ಅಕ್ಕನೇ ನಗುತ್ತಿದ್ದಳು.

"ದೌರ್ಬಲ್ಯವೇ. ನಿಯಮ ಮುರಿದಿದೆ. ಆದರೆ ಅಸಡ್ಡೆ ಅಲ್ಲ. ಅದನ್ನ ನಾನು ಸುಳ್ಳು ಬರೆದೆ. ತಿದ್ದುಪಡಿ ಹಾಕಿಸ್ತೀನಿ. ಅಲ್ಲಿವರೆಗೂ ಇದನ್ನ ತೆಗೀಬೇಡಿ."

"ಕ್ಯಾಮೆರಾ ಸೋಮವಾರಕ್ಕೆ ಹೇಳಿಟ್ಟಿದೆ," ಎಂದರು ಅವರು. "ಸೋಮವಾರದವರೆಗೂ ಕಾಯ್ತೀನಿ."

*

ಸಂಪಾದಕ ಒನೊದೆರಾ, ಅವಳ ಮಾತು ಮುಗಿಯುವವರೆಗೆ ಪೆನ್ನು ಕೆಳಗಿಡಲಿಲ್ಲ. ಪತ್ರಿಕೆ ತಿದ್ದುವುದು ಸಂಗತಿಯನ್ನು, ಅಭಿಪ್ರಾಯವನ್ನಲ್ಲ ಎಂದರು.

"ಅಸಡ್ಡೆ ಅನ್ನೋದು ಅಭಿಪ್ರಾಯ ಅಲ್ಲ, ಒನೊದೆರಾ-ಸಾನ್. ಬರೆಯುವಾಗಲೇ ನನಗೆ ಗೊತ್ತಿತ್ತು, ಅದು ಬೇಕಂತಲೇ ಇಟ್ಟಿದ್ದು ಅಂತ. ಬರೆದವಳು ನನ್ನ ಅಕ್ಕ. ಅವಳು ಆ ಸಿನಿಮಾದಲ್ಲಿದ್ದಳು ಅನ್ನೋದನ್ನ ನಿಮಗೂ ಹೇಳಿರಲಿಲ್ಲ."

ಅವರು ಪೆನ್ನು ಕೆಳಗಿಟ್ಟರು.

ಆರು ತಿಂಗಳು ಸಿನಿಮಾ ಪುಟ ಇಲ್ಲ, ನಿಧನ ವಾರ್ತೆಗಳ ವಿಭಾಗಕ್ಕೆ ಹೋಗು ಎಂದರು. ಅವಳು ತಲೆಬಾಗಿದಳು. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ, ನಾಲ್ಕು ಸಾಲು ಮೀರಬಾರದು ಎಂಬ ಮಾತು ಕೇಳಿಸಿತು.

ಶನಿವಾರ ಬಂದದ್ದು ನಾಲ್ಕೇ ಸಾಲು:

‘ತಿದ್ದುಪಡಿ: ಬಿಳಿ ಬೇಟೆ ಚಿತ್ರದ ವಿಮರ್ಶೆಯಲ್ಲಿ ಛತ್ರದ ದೃಶ್ಯದ ಪ್ರತಿಬಿಂಬವನ್ನು ಅಸಡ್ಡೆಯ ತಪ್ಪು ಎಂದು ಬರೆಯಲಾಗಿತ್ತು. ಅದು ಚಿತ್ರ ಕಲಾವಿದೆ ದಿವಂಗತ ಮುಕೈ ಶಿಹೊ ಅವರು ತಿಳಿದೇ ಬರೆದದ್ದು. ಅವರು ವಿಮರ್ಶಕಿಯ ಅಕ್ಕ; ಅದನ್ನು ಮೊದಲೇ ತಿಳಿಸಬೇಕಿತ್ತು. ವಿಷಾದಿಸುತ್ತೇವೆ.’

ಭಾನುವಾರ ಸಂಜೆ ಏಳಕ್ಕೆ ಫೋನ್ ಗಂಟೆ ಹೊಡೆಯಿತು.

ಚಿಗುಸಾ ಎಣಿಸಿದಳು. ಒಂದು ಗಂಟೆ... ಎರಡು... ನಿಲ್ಲಲಿಲ್ಲ. ಎತ್ತಿದಳು.

"ದೊಮೊನ್-ಸಾನ್ ಲಕೋಟೆ ಮುಚ್ಚಿದರು," ಎಂದ ಹಯಾಸೆ. "ಮುಖ ಹಾಗೇ ಇರುತ್ತೆ. ನೋಡೋರು ಬೈದರೆ ಬೈಯಲಿ, ದೊರೆಯ ಮಾತಿಗೂ ಬೈತಿದ್ದಾರಲ್ಲ ಅಂದರು."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅವನೂ ಫೋನ್ ಇಡಲಿಲ್ಲ. ಆ ಕಡೆ ಅವನ ಉಸಿರು, ಈ ಕಡೆ ಅವಳದು. ಎಷ್ಟೋ ಭಾನುವಾರಗಳ ಮೇಲೆ ಆ ಹೊತ್ತು ಸದ್ದಿಲ್ಲದೆ ಕಳೆಯಲಿಲ್ಲ.

*

ಬುಧವಾರ ಅವನು ಮೊದಲೇ ಬಂದು ಕೂತಿದ್ದ. ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಚಿಕ್ಕದೊಂದು ವಸ್ತು. ಅವಳು ಬಿಚ್ಚಿದಳು. ಶಿಹೊಳ ಮೇಜಿನ ಕನ್ನಡಿ. ಅಂಚಿನಲ್ಲಿ ಸೀಸದ ಕಪ್ಪು ಬೆರಳಗುರುತು ಇನ್ನೂ ಇತ್ತು.

ಚಿಗುಸಾ ಮುಂಗೂದಲನ್ನು ಪೂರ್ತಿ ಹಿಂದಕ್ಕೆ ಸರಿಸಿ ಕನ್ನಡಿ ನೋಡಿದಳು. ಕಡಿದ ಹುಬ್ಬು. ಅಕ್ಕ ಇದನ್ನು ನೋಡದೆಯೇ, ಬರೀ ನೆನಪಿನಿಂದ ಬರೆದಿದ್ದಳು. ಗೆರೆ ಒಂದಿಷ್ಟೂ ತಪ್ಪಿರಲಿಲ್ಲ.

ಕೂದಲನ್ನು ಅವಳು ಮತ್ತೆ ಹಣೆಗೆ ಎಳೆದುಕೊಳ್ಳಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳಬೇಕು," ಎಂದಳು. "ನಿಮಗೆ ಇಷ್ಟವಾದದ್ದು ಚಿತ್ರದಲ್ಲಿರೋಳಾ, ನಾನಾ?"

ಹಯಾಸೆ ಯೋಚಿಸಿದ. ಅವನು ಯಾವ ಪ್ರಶ್ನೆಗೂ ಬೇಗ ಉತ್ತರ ಕೊಡುವವನಲ್ಲ ಎಂದು ಅವಳಿಗೆ ಈಗ ಗೊತ್ತಿತ್ತು.

"ಮೊದಲು ಚಿತ್ರ. ಆಮೇಲೆ ಚಿತ್ರದ ಥರಾನೇ ಇರೋರೊಬ್ಬರು ಬಂದು, ನಾನು ಎರಡು ವರ್ಷ ಕಷ್ಟಪಟ್ಟ ಸಿನಿಮಾದ ದೌರ್ಬಲ್ಯಗಳನ್ನ ಬೆರಳು ಮಡಿಸಿ ಎಣಿಸಿದ್ರು. ಟೋಸ್ಟಿನ ಅಂಚು ನನ್ನ ತಟ್ಟೆಗೆ ಹಾಕಿದ್ರು. ಚಿತ್ರ ಅದನ್ನೆಲ್ಲ ಮಾಡಲ್ಲ." ಕನ್ನಡಿಯನ್ನು ಪಕ್ಕಕ್ಕೆ ಸರಿಸಿ, "ನೀವು. ಬರೀ ನೀವು," ಎಂದ.

ಅಜ್ಜಿ ತಟ್ಟೆ ಇಟ್ಟು, ಈ ಸಲ ಏನೂ ಹೇಳದೆ ಹೋದಳು.

ಹಯಾಸೆ ಕನ್ನಡಿ ಸುತ್ತಿದ್ದ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದ. "ಇದೇ ಕೊನೆಯದು. ಒಂದೊಂದೇ ತಂದರೆ ಇಷ್ಟು ಬುಧವಾರ ಬರುತ್ತೆ ಅಂತ ಲೆಕ್ಕ ಹಾಕಿದ್ದೆ. ಮೇಜು ಖಾಲಿ ಆಯ್ತು. ಇನ್ನು ನಿಮಗೆ ತಂದುಕೊಡೋಕೆ ನನ್ನ ಹತ್ರ ಏನೂ ಇಲ್ಲ."

ಚಿಗುಸಾ ಟೋಸ್ಟಿನ ಅಂಚು ಮುರಿದು ಅವನ ತಟ್ಟೆಗೆ ಹಾಕಿದಳು.

"ಹಾಗಾದ್ರೆ ಮುಂದಿನ ಬುಧವಾರ ಬರಿಗೈಲಿ ಬನ್ನಿ."